ಸಮ್ಮರ್ ಕ್ಯಾಂಪ್ ಮುಗಿಯಿತು, ಮಗಳನ್ನು ಈಜು ಕ್ಲಬ್‌ಗೆ ಸೇರಿಸಬೇಕಾ? ವರ್ಷ ಪೂರ್ತಿ ಅಲ್ಲಿ ಏನು ನಡೆಯುತ್ತದೆ?

ಬನಶಂಕರಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಮಕ್ಕಳನ್ನು ಈಜು ಕ್ಲಬ್‌ಗೆ ಕಳಿಸುವ ಅಪ್ಪ ಅಮ್ಮಂದಿರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನನ್ನ ಮಗಳಿಗೆ ಹತ್ತು ವರ್ಷ. ಈ ಬೇಸಿಗೆಯಲ್ಲಿ ಮನೆ ಹತ್ತಿರದ ಈಜುಕೊಳದಲ್ಲಿ ಸಮ್ಮರ್ ಕ್ಯಾಂಪ್‌ಗೆ ಹಾಕಿದ್ದೆವು. ಮೊಬೈಲ್ ಬಿಟ್ಟರೆ ಸಾಕು ಅಂತ, ಅಷ್ಟೇ. ಕ್ಯಾಂಪ್ ಮುಗಿಯುವ ಹೊತ್ತಿಗೆ ಐವತ್ತು ಮೀಟರ್ ನಿಲ್ಲದೆ ಹೋಗುತ್ತಿದ್ದಳು. ಕೊನೆಯ ದಿನ ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಹುಡುಗಿ ನೀರಿನ ಮೇಲೆ ಚೆನ್ನಾಗಿ ಮಲಗ್ತಾಳೆ. ಜೂನ್‌ನಿಂದ ಕ್ಲಬ್ ಬ್ಯಾಚ್‌ಗೆ ಕಳಿಸಿ" ಅಂದರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಯಜಮಾನರು "ಫೀಸ್ ಕಟ್ಟೋಣ, ಆದರೆ ಬೆಳಗಿನ ಜಾವ ಐದೂವರೆಗೆ ಯಾರು ಕರ್ಕೊಂಡು ಹೋಗೋದು?" ಅನ್ನುತ್ತಾರೆ. ಅತ್ತೆ "ಹೆಣ್ಣು ಹುಡುಗಿ, ಕಪ್ಪಗಾಗ್ತಾಳೆ, ಕೂದಲು ಉದುರುತ್ತೆ" ಅನ್ನುತ್ತಾರೆ. ಮಗಳು ಏನೂ ಹೇಳುವುದಿಲ್ಲ. ಗಾಗಲ್ಸ್ ಹಾಕಿಕೊಂಡು ಮನೆ ತುಂಬ ಓಡಾಡುತ್ತಾಳೆ.

ಕ್ಲಬ್ ಅಂದರೆ ವರ್ಷ ಪೂರ್ತಿ ಏನು ಮಾಡಿಸುತ್ತಾರೆ? ವಾರ ವಾರ ಸ್ಪರ್ಧೆ ಇರುತ್ತದಾ? ಇನ್ನೊಂದು ವಿಷಯ. ಅಲ್ಲಿನ ನೋಟಿಸ್ ಬೋರ್ಡ್‌ನಲ್ಲಿ ಹಳ್ಳಿ ಶಾಲೆಗೆ ಹೋಗಿ ಬಂದ ಫೋಟೋ, ದೊಡ್ಡ ಮಕ್ಕಳು ಚಿಕ್ಕ ಮಕ್ಕಳಿಗೆ ಕಲಿಸುವ ಫೋಟೋ ಎಲ್ಲ ಇತ್ತು. ನಾವು ದುಡ್ಡು ಕಟ್ಟುವುದು ಮಗಳು ಈಜು ಕಲಿಯಲಿ ಅಂತ ಅಲ್ವಾ? ಇವೆಲ್ಲ ಯಾಕೆ ಅಂತ ಅರ್ಥವಾಗಲಿಲ್ಲ. ನಾನು ಬ್ಯಾಂಕ್ ಕೆಲಸದಲ್ಲಿದ್ದೇನೆ, ಭಾನುವಾರ ಒಂದೇ ಬಿಡುವು.

---

ಸ್ಟಾಪ್‌ವಾಚ್ ಅಪ್ಪ:

ಮೇಡಂ, ನನ್ನ ಮಗ ಬ್ರೆಸ್ಟ್‌ಸ್ಟ್ರೋಕ್ ಈಜುತ್ತಾನೆ. ನನಗೆ ಈಜು ಬರುವುದಿಲ್ಲ. ಆದರೂ ಈ ಊರಿನ ಎಷ್ಟೋ ಕೊಳಗಳ ದಡದಲ್ಲಿ ಬಿಳಿ ಟೀ ಶರ್ಟ್ ಹಾಕಿಕೊಂಡು, ಸ್ಟಾಪ್‌ವಾಚ್ ಹಿಡಿದು ನಿಂತಿದ್ದೇನೆ. ಚಾಮರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಹಾಗಾಗಿ ಕ್ಲಬ್‌ನ ಸರ್ಟಿಫಿಕೇಟು, ಬ್ಯಾನರು, ಹೀಟ್ ಶೀಟು (ಯಾರು ಯಾವ ಸುತ್ತಿನಲ್ಲಿ, ಯಾವ ಲೇನ್‌ನಲ್ಲಿ ಅನ್ನುವ ಪಟ್ಟಿ) ಎಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಅಂದ ಮೇಲೆ ಇದಕ್ಕೆ ಉತ್ತರ ಹೇಳುವ ಅಧಿಕಾರ ನನಗಿದೆ ಅಂದುಕೊಳ್ಳಿ.

ಮೊದಲು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸೇರಿಸಿ. ಆದರೆ ಮುಂದುವರಿಸಬೇಕೋ ಬೇಡವೋ ಅನ್ನುವುದನ್ನು ಜನವರಿಯಲ್ಲಿ ತೀರ್ಮಾನ ಮಾಡಿ. ಮೇ ತಿಂಗಳಲ್ಲಿ ಎಲ್ಲ ಮಕ್ಕಳಿಗೂ ನೀರು ಇಷ್ಟ. ಬಿಸಿಲು, ರಜೆ, ಮುಗಿದ ಮೇಲೆ ಗೇಟ್ ಹತ್ತಿರ ಮಸಾಲೆ ಹಾಕಿದ ಮಾವಿನಕಾಯಿ. ಅದನ್ನು ನೋಡಿ ಕ್ಲಬ್ ಹೇಗೆ ಅಂತ ಗೊತ್ತಾಗುವುದಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದ ತಕ್ಷಣ ಕೊಳ ಅರ್ಧ ಖಾಲಿಯಾಗುತ್ತದೆ. ಉಳಿದವರನ್ನು ವಯಸ್ಸು ನೋಡಿ, ಈಜು ನೋಡಿ ಬ್ಯಾಚ್ ಮಾಡುತ್ತಾರೆ. ನಿಮ್ಮ ಮಗಳಂಥವರಿಗೆ ಶುರುವಿನಲ್ಲಿ ವೇಗದ ಮಾತೇ ಇರುವುದಿಲ್ಲ. ಕಿಕ್ ಬೋರ್ಡ್ ಹಿಡಿದು ಬರೀ ಕಾಲು. ಆಮೇಲೆ ಉಸಿರು. ಆಮೇಲೆ ಟರ್ನ್, ಅಂದರೆ ಗೋಡೆ ಮುಟ್ಟಿ ತಿರುಗುವುದು. ಮೈ ಹೊಂದಿಕೊಂಡ ಮೇಲೆ ಈ ವಯಸ್ಸಿನ ಮಕ್ಕಳು ಒಂದು ಬೆಳಿಗ್ಗೆಗೆ ಎರಡು ಕಿಲೋಮೀಟರ್ ಹತ್ತಿರ ಈಜುತ್ತಾರೆ. ಐವತ್ತು ಮೀಟರ್ ಕೊಳದಲ್ಲಿ ನಲವತ್ತು ಸಲ ಆ ಕಡೆ ಈ ಕಡೆ. ಕೇಳಿದರೆ ಭಯ ಆಗುತ್ತದೆ, ಮಕ್ಕಳಿಗೆ ಆಗುವುದಿಲ್ಲ.

ಮಳೆಗಾಲದಲ್ಲಿ ಕರ್ನಾಟಕ ಈಜು ಸಂಸ್ಥೆಯ ರಾಜ್ಯ ಮಟ್ಟದ ಸಬ್ ಜೂನಿಯರ್, ಜೂನಿಯರ್ ಸ್ಪರ್ಧೆಗಳ ಗಲಾಟೆ. ಅಲ್ಲಿ ಚೆನ್ನಾಗಿ ಮಾಡಿದವರು ರಾಜ್ಯ ತಂಡದಲ್ಲಿ ನ್ಯಾಷನಲ್ಸ್‌ಗೆ ಹೋಗುತ್ತಾರೆ. ಇದರಲ್ಲಿ ವಯಸ್ಸು ಲೆಕ್ಕ ಹಾಕುವುದು ಹುಟ್ಟಿದ ವರ್ಷದ ಮೇಲೆ. ಜನವರಿಯಲ್ಲಿ ಹುಟ್ಟಿದ ಮಗುವೂ ಡಿಸೆಂಬರ್‌ನಲ್ಲಿ ಹುಟ್ಟಿದ ಮಗುವೂ ಒಂದೇ ಗುಂಪು. ನನ್ನ ಮಗ ಡಿಸೆಂಬರ್‌ನವನು. ಪಕ್ಕದ ಲೇನ್‌ನಲ್ಲಿ ಮೀಸೆ ಚಿಗುರಿದ ಹುಡುಗ ನಿಂತಿರುತ್ತಾನೆ, ಇವನು ಅವನ ಭುಜಕ್ಕೆ ಬರುತ್ತಾನೆ. ನ್ಯಾಯವಾ ಅಂತ ಕೇಳಬೇಡಿ, ನನಗೂ ಇನ್ನೂ ಜೀರ್ಣ ಆಗಿಲ್ಲ. ನಿಮಗೆ ಈ ವರ್ಷ ಅದರ ಗೊಡವೆ ಬೇಡ. ಕ್ಲಬ್ ಒಳಗಿನ ಟೈಮ್ ಟ್ರಯಲ್, ನಾಲ್ಕಾರು ಕ್ಲಬ್ ಸೇರಿ ಮಾಡುವ ಚಿಕ್ಕ ಮೀಟ್, ಶಾಲೆಯವರು ಕಳಿಸಿದರೆ ಶಾಲಾ ಕ್ರೀಡಾಕೂಟ, ಇಷ್ಟು ಸಾಕು. ವಾರ ವಾರ ಸ್ಪರ್ಧೆ ಖಂಡಿತ ಇರುವುದಿಲ್ಲ, ಇರಲೂಬಾರದು.

ಮೀಟ್ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕೆಂದರೆ ಹೊಸ ಅಪ್ಪ ಅಮ್ಮಂದಿರು ಗಾಬರಿಯಾಗುವುದು ಅಲ್ಲೇ.

ಬೆಳಿಗ್ಗೆ ಆರೂವರೆಗೆ ವಾರ್ಮ್ ಅಪ್. ಒಂದೊಂದು ಲೇನ್‌ನಲ್ಲಿ ಹತ್ತಾರು ಮಕ್ಕಳು ಸಾಲಾಗಿ ಹೋಗುತ್ತಾರೆ. ಮೈಕ್‌ನಲ್ಲಿ ಯಾರೋ ಕಿರುಚುತ್ತಿರುತ್ತಾರೆ. ಗೋಡೆಗೆ ಅಂಟಿಸಿದ ಹೀಟ್ ಶೀಟ್ ಮುಂದೆ ನೂಕುನುಗ್ಗಲು. ಎಂಟು ಲೇನ್ ಕೊಳವಾದರೆ ವೇಗದ ಮಗುವಿಗೆ ನಾಲ್ಕನೇ ಲೇನ್, ಅಲ್ಲಿಂದ ಎರಡೂ ಪಕ್ಕಕ್ಕೆ ಹಂಚುತ್ತಾ ಹೋಗುತ್ತಾರೆ. ಮೊದಲ ಸಲ ಬರುವವರಿಗೆ ಒಂದೋ ಎಂಟೋ ಸಿಗುವುದು. ನಲವತ್ತು ಸೆಕೆಂಡ್ ಈಜುವುದಕ್ಕೆ ಮಧ್ಯಾಹ್ನದ ತನಕ ಕಾಯಬೇಕು. ಮ್ಯಾಟು, ಚಿತ್ರಾನ್ನ, ಬಾಳೆಹಣ್ಣು, ಎರಡು ಟವೆಲ್ ತೆಗೆದುಕೊಂಡು ಹೋಗಿ. ಒಂದು ಟವೆಲ್ ಮೇಲೆ ಬೇರೆ ಯಾರದ್ದೋ ಮಗು ಮಲಗಿರುತ್ತದೆ.

ಮೊದಲ ವರ್ಷ ಡಿಸ್‌ಕ್ವಾಲಿಫೈ ಆಗುವುದು ಮಾಮೂಲು. ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಎರಡರಲ್ಲೂ ಗೋಡೆಯನ್ನು ಎರಡು ಕೈಯಲ್ಲಿ ಒಟ್ಟಿಗೆ ಮುಟ್ಟಬೇಕು. ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆನ್ನ ಮೇಲೆ ಇದ್ದುಕೊಂಡೇ ಮುಗಿಸಬೇಕು. ಸ್ಟಾರ್ಟರ್ (ರೇಸ್ ಶುರು ಮಾಡಿಸುವವರು) ಹಾರ್ನ್ ಬಟನ್ ಒತ್ತುವ ಮೊದಲು ಹಾರಿದರೆ ಒಂದೇ ತಪ್ಪಿಗೆ ಔಟ್, ಎರಡನೇ ಅವಕಾಶ ಇಲ್ಲ. ಮಗು ಮೊದಲನೆಯದಾಗಿ ಬಂದು ಕೈ ಎತ್ತಿರುತ್ತದೆ, ಆ ಕಡೆ ಟರ್ನ್ ಜಡ್ಜ್ ಕೂಡ ತಪ್ಪು ಕಂಡಿತು ಅಂತ ಕೈ ಎತ್ತಿರುತ್ತಾರೆ. ಅಳುತ್ತಾರೆ. ಅಳಲಿ ಬಿಡಿ. ದಯವಿಟ್ಟು ರೆಫರಿ ಹತ್ತಿರ ಹೋಗಿ ಮೊಬೈಲ್ ವಿಡಿಯೋ ತೋರಿಸಬೇಡಿ. ಮಾತಾಡಬೇಕಾದವರು ಕೋಚ್, ನಾವಲ್ಲ.

ಈಗ ನನ್ನ ಇಲಾಖೆ. ದೊಡ್ಡ ಸ್ಪರ್ಧೆಗಳಲ್ಲಿ ಗೋಡೆಗೆ ಟಚ್ ಪ್ಯಾಡ್ ಇರುತ್ತದೆ, ಮಕ್ಕಳು ಮುಟ್ಟಿದರೆ ಟೈಮ್ ತಾನೇ ಬರುತ್ತದೆ. ಚಿಕ್ಕ ಮೀಟ್‌ಗಳಲ್ಲಿ ನಾವೇ ಟಚ್ ಪ್ಯಾಡ್. ನಿಯಮದ ಪ್ರಕಾರ ಒಂದು ಲೇನ್‌ಗೆ ಮೂರು ಗಡಿಯಾರ. ಮೂರರಲ್ಲಿ ಎರಡು ಒಂದೇ ಟೈಮ್ ತೋರಿಸಿದರೆ ಅದೇ ಲೆಕ್ಕ. ಮೂರೂ ಬೇರೆ ಬೇರೆಯಾದರೆ ನಡುವಿನದು. ಹಾರ್ನ್ ಶಬ್ದಕ್ಕೆ ಕಾಯಬೇಡಿ, ಲೈಟ್ ನೋಡಿ ಒತ್ತಿ ಅಂತ ನಮಗೆ ಹೇಳಿಕೊಡುತ್ತಾರೆ. ಸ್ಟಾರ್ಟರ್ ಇಪ್ಪತ್ತೈದು ಮೀಟರ್ ದೂರ ಇದ್ದರೆ ಶಬ್ದ ನಮ್ಮ ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ನೂರರಲ್ಲಿ ಏಳು ಭಾಗ ಹೋಗಿರುತ್ತದೆ. ಮಕ್ಕಳು ಸೋಲುವುದು ಗೆಲ್ಲುವುದು ಅದಕ್ಕಿಂತ ಕಮ್ಮಿ ಅಂತರದಲ್ಲಿ. ಎಂಟು ಲೇನ್‌ಗೆ ಮೂರು ಮೂರು ಅಂದರೆ ಇಪ್ಪತ್ತನಾಲ್ಕು ಜನ ಬೇಕು. ಎಲ್ಲಿಂದ ಬರುತ್ತಾರೆ? ಅಪ್ಪ ಅಮ್ಮಂದಿರೇ ಬರಬೇಕು. ಹಾಗಾಗಿ "ಯಾರು ಕರ್ಕೊಂಡು ಹೋಗೋದು" ಅಂತ ಕೇಳುವ ನಿಮ್ಮ ಯಜಮಾನರಿಗೆ ಈಗಲೇ ಹೇಳಿಬಿಡಿ, ಕರೆದುಕೊಂಡು ಹೋಗುವುದು ಸುಲಭದ ಕೆಲಸ.

ಇನ್ನು ಹಳ್ಳಿ ಶಾಲೆ, ಚಿಕ್ಕ ಮಕ್ಕಳು ಇವೆಲ್ಲ ಯಾಕೆ ಅಂದಿರಿ. ನನಗೂ ಹೀಗೇ ಅನಿಸಿತ್ತು. ಕ್ಲಬ್ ಹೆಸರಿಗೆ ಒಂದು ಫೋಟೋ ಬೇಕು, ಮಾಡುತ್ತಾರೆ ಅಂದುಕೊಂಡಿದ್ದೆ.

ಜುಲೈ 25 ನೀರಿನಲ್ಲಿ ಮುಳುಗುವುದನ್ನು ತಡೆಯುವ ದಿನ. ವಿಶ್ವಸಂಸ್ಥೆ 2021ರಲ್ಲಿ ಗೊತ್ತು ಮಾಡಿದ್ದು. ಆ ವಾರ ನಮ್ಮ ಕ್ಲಬ್‌ನ ದೊಡ್ಡ ಮಕ್ಕಳು ಕನಕಪುರ ರಸ್ತೆ ಕಡೆಯ ಹಳ್ಳಿ ಶಾಲೆಗಳಿಗೆ ಹೋಗುತ್ತಾರೆ. ಒಂದು ಸಲ ವ್ಯಾನ್‌ನಲ್ಲಿ ಜಾಗ ಇತ್ತು ಅಂತ ನಾನೂ ಹತ್ತಿದೆ. ಆ ಭಾಗದಲ್ಲಿ ಕೃಷಿ ಹೊಂಡ ಜಾಸ್ತಿ. ನೀರು ಇಂಗಬಾರದು ಅಂತ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಪಾಚಿ ಕಟ್ಟುತ್ತದೆ. ಒಳಗೆ ಜಾರಿದವರು ಈಜು ಬಂದರೂ ಮೇಲೆ ಹತ್ತಲು ಆಗುವುದಿಲ್ಲ, ಕೈಗೆ ಹಿಡಿತವೇ ಸಿಗುವುದಿಲ್ಲ. ಒಬ್ಬರನ್ನು ಹಿಡಿಯಲು ಇನ್ನೊಬ್ಬರು ಇಳಿದು ಇಬ್ಬರೂ ಹೋದ ಸುದ್ದಿ ಪೇಪರ್‌ನಲ್ಲಿ ಓದಿಯೇ ಇರುತ್ತೀರಿ.

ನಮ್ಮ ಹುಡುಗರು ಅಲ್ಲಿ ಈಜು ಕಲಿಸಲಿಲ್ಲ. ಇಳಿಯಬಾರದು ಅಂತ ಕಲಿಸಿದರು. ಶಾಲೆ ಅಂಗಳದಲ್ಲಿ ಸುಣ್ಣದಲ್ಲಿ ಒಂದು ಹೊಂಡ ಬರೆದರು. ಮಧ್ಯೆ ಒಬ್ಬ ಹುಡುಗ ಕೂತ. ದಡದಿಂದ ಅವನಿಗೆ ಏನು ಎಸೆಯಬಹುದು ಅಂತ ಕೇಳಿದರು. ಹಗ್ಗ, ಸೀರೆ, ಉದ್ದನೆ ಬಿದಿರು, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್. ಮಕ್ಕಳು ಸಾಲಾಗಿ ಬಂದು ಕ್ಯಾನ್ ಎಸೆದರು, ಹಗ್ಗ ಹಿಡಿದು ಎಳೆದರು, ಬಿದ್ದು ಬಿದ್ದು ನಕ್ಕರು. ಆಮೇಲೆ ನಮ್ಮ ಕ್ಲಬ್‌ನ ಒಬ್ಬ ಹುಡುಗಿ, ಬ್ಯಾಕ್‌ಸ್ಟ್ರೋಕ್ ಮಾಡುವವಳು, ಮುಳುಗುವವರು ಸಿನಿಮಾದಲ್ಲಿ ಕೂಗುವ ಹಾಗೆ ಕೂಗುವುದಿಲ್ಲ ಅಂತ ಹೇಳಿದಳು. ಬಾಯಿ ನೀರಿನ ಮಟ್ಟದಲ್ಲಿ ಇರುತ್ತದೆ, ಉಸಿರು ಎಳೆಯುವುದಕ್ಕೇ ಆಗುವುದಿಲ್ಲ, ಕೂಗುವುದು ಎಲ್ಲಿಂದ? ಪಕ್ಕದಲ್ಲಿದ್ದವರಿಗೂ ಗೊತ್ತಾಗದೆ ನಡೆದುಹೋಗುತ್ತದೆ. ಹಿಂದಿನ ಸಾಲಿನಲ್ಲಿದ್ದ ಬಿಸಿಯೂಟದ ಅಮ್ಮ ಒಬ್ಬರು ಸೆರಗು ಬಾಯಿಗೆ ಇಟ್ಟುಕೊಂಡು ಎದ್ದು ಒಳಗೆ ಹೋದರು. ಯಾಕೆ ಅಂತ ನಾವು ಕೇಳಲಿಲ್ಲ.

2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಹೇಳುತ್ತದೆ. ಎಂಟು ಲೇನ್ ಕೊಳದ ಒಳಗೆ ಪದಕ ಲೆಕ್ಕ ಹಾಕುವ ನಮಗೆ ಆ ಸಂಖ್ಯೆ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾಗಿ ಮೇಡಂ, ನಿಮ್ಮ ಫೀಸ್ ಈಜಿಗೇ ಹೋಗುತ್ತಿದೆ.

ದಸರಾ ರಜೆ, ದೀಪಾವಳಿ ಹೆಚ್ಚು ಕಮ್ಮಿ ಹೀಗೇ ಕಳೆಯುತ್ತದೆ. ಆಮೇಲೆ ಬರುವುದೇ ಡಿಸೆಂಬರ್.

ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಇರಬೇಕು ಅಂತ ನಿಯಮ. ಬಿಸಿ ಮಾಡದ ತೆರೆದ ಕೊಳದಲ್ಲಿ ನಮ್ಮ ಚಳಿಗಾಲದಲ್ಲಿ ಅಷ್ಟು ಎಲ್ಲಿಂದ ಬರಬೇಕು? ಹೊರಗೆ ಹದಿನೈದು ಹದಿನಾರು ಡಿಗ್ರಿ, ಮಂಜು, ಆಚೆ ದಡ ಕಾಣುವುದಿಲ್ಲ. ಮಕ್ಕಳು ದಡದಲ್ಲಿ ಕೈ ಕಟ್ಟಿಕೊಂಡು ನಿಂತು, ನೀನು ಮೊದಲು ಹಾರು, ನೀನು ಮೊದಲು ಹಾರು ಅಂತ ತಳ್ಳಾಡುತ್ತಾರೆ. ಕ್ಲಬ್ ಎಂಥದ್ದು ಅಂತ ತಿಳಿಯುವುದು ಈಗ. ಕೋಚ್ ಸಮಯಕ್ಕೆ ಸರಿಯಾಗಿ ಬರುತ್ತಾರಾ? ಚಿಕ್ಕವರಿಗೆ ಸೆಷನ್ ಕಮ್ಮಿ ಮಾಡಿ, ನೆಲದ ಮೇಲಿನ ವ್ಯಾಯಾಮ ಜಾಸ್ತಿ ಮಾಡಿಸುತ್ತಾರಾ? ತುಟಿ ನೀಲಿಯಾದ ಮಗುವನ್ನು ಮೇಲೆ ಕರೆಯುತ್ತಾರಾ, ಇಲ್ಲಾ "ಇನ್ನೊಂದು ನೂರು ಹೊಡಿ" ಅನ್ನುತ್ತಾರಾ? ಆಗ ಎಷ್ಟು ಮಕ್ಕಳು ಉಳಿದಿದ್ದಾರೆ ನೋಡಿ. ಮೇ ತಿಂಗಳ ಫೋಟೋದಲ್ಲಿ ಎಷ್ಟು ತಲೆ ಇದ್ದವು ಅನ್ನುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಜನವರಿಯಲ್ಲಿ ನಿಮ್ಮ ಮಗಳು ನೀವು ಎಬ್ಬಿಸದೆ ಎದ್ದರೆ ಮುಂದುವರಿಸಿ. ಎಳೆದುಕೊಂಡು ಹೋಗುವ ಹಾಗಾದರೆ ನಿಲ್ಲಿಸಿ, ಈಜು ಬಂದಿದೆಯಲ್ಲ, ಅದೇನೂ ವಾಪಸ್ ಹೋಗುವುದಿಲ್ಲ.

ಫೆಬ್ರವರಿ ಮಾರ್ಚ್ ಪರೀಕ್ಷೆ, ಹೇಳುವಂಥದ್ದೇನಿಲ್ಲ. 2024ರ ಮಾರ್ಚ್ ಮಾತ್ರ ಬೇರೆ. ಊರಿಗೇ ನೀರಿಲ್ಲದ ಕಾಲ. ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಸರಿಯಾದ ಆದೇಶವೇ. ಆದರೆ ನಮ್ಮ ಬೀದಿಯಲ್ಲಿ ಜನ "ನಮಗೆ ಬಿಂದಿಗೆ ನೀರಿಲ್ಲ, ನಿಮ್ಮ ಮಗ ಈಜ್ತಾನಾ" ಅಂತ ಮುಖಕ್ಕೇ ಕೇಳಿದರು. ಐವತ್ತು ಮೀಟರ್ ಉದ್ದ, ಇಪ್ಪತ್ತೈದು ಅಗಲ, ಎರಡು ಮೀಟರ್ ಆಳ ಅಂದರೆ 25 ಲಕ್ಷ ಲೀಟರ್. ಅದೇ ನೀರನ್ನು ಸೋಸಿ ಸೋಸಿ ಬಳಸುತ್ತಾರೆ, ದಿನಾ ಬದಲಾಯಿಸುವುದಿಲ್ಲ ಅಂತ ಹೇಳಿದರೆ ಯಾರು ನಂಬುತ್ತಾರೆ? ಹೋಗುವುದು ಆವಿಯಾಗುವ ನೀರು, ಫಿಲ್ಟರ್ ತೊಳೆಯುವ ನೀರು. ನಮ್ಮ ಮಕ್ಕಳು ಆ ಬೇಸಿಗೆಯಲ್ಲಿ ಫಿಲ್ಟರ್ ತೊಳೆದ ನೀರನ್ನು ಪೈಪ್ ಎಳೆದು ಪಕ್ಕದ ಪಾರ್ಕಿನ ಗಿಡಗಳಿಗೆ ಬಿಟ್ಟರು. ಕ್ಲೋರಿನ್ ಹಾರಿಹೋಗಲಿ ಅಂತ ಮೊದಲು ಡ್ರಮ್‌ನಲ್ಲಿ ನಿಲ್ಲಿಸುತ್ತಿದ್ದರು. ಪಾರ್ಕಿಗೆ ವಾಕಿಂಗ್ ಬರುವವರು ಬೈಯುವುದು ಸ್ವಲ್ಪ ಕಮ್ಮಿಯಾಯಿತು.

ಏಪ್ರಿಲ್ ಬಂತೆಂದರೆ ಮತ್ತೆ ಕ್ಯಾಂಪ್. ಆಗ ದೊಡ್ಡ ಮಕ್ಕಳು ಕೋಚ್‌ಗಳ ಜೊತೆ ನೀರಿಗಿಳಿದು ಚಿಕ್ಕವರಿಗೆ ಕಲಿಸುತ್ತಾರೆ. ನಿಮ್ಮ ಮಗಳ ಹೊಟ್ಟೆ ಕೆಳಗೆ ಕೈ ಕೊಟ್ಟು ಹಿಡಿದವರೂ ಅಂಥ ಯಾರೋ ಹುಡುಗಿಯೇ ಇರಬೇಕು, ಕೇಳಿ ನೋಡಿ.

---

ಲೇನ್ ಎಂಟು:

ಆಂಟಿ, ನಾನು ಮೂರನೇ ಕ್ಲಾಸಿನಿಂದ ಪಿಯುಸಿ ತನಕ ಕ್ಲಬ್‌ನಲ್ಲಿದ್ದೆ. ಈಗ ಇಂಜಿನಿಯರಿಂಗ್. ನ್ಯಾಷನಲ್ಸ್‌ಗೆ ಹೋಗಲಿಲ್ಲ. ಯಾವಾಗಲೂ ಕೊನೆ ಲೇನೇ ಸಿಗುತ್ತಿತ್ತು, ಅದಕ್ಕೇ ಈ ಹೆಸರು.

ನಿಮ್ಮ ಅತ್ತೆಯವರ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಅಂಕಲ್ ಅದನ್ನು ಬಿಟ್ಟುಬಿಟ್ಟರು. ಕಪ್ಪಗಾಗುವುದು ನಿಜ. ಸನ್‌ಸ್ಕ್ರೀನ್ ಹಚ್ಚಿದರೂ ಸ್ವಲ್ಪ ಆಗುತ್ತದೆ. ಬೆಳಗಿನ ಬ್ಯಾಚ್ ಆದರೆ ಬಿಸಿಲು ಏರುವ ಮೊದಲೇ ಮುಗಿಯುತ್ತದೆ. ಕೂದಲಿಗೆ ಒಂದು ಉಪಾಯ ಇದೆ. ಕೊಳಕ್ಕೆ ಇಳಿಯುವ ಮೊದಲು ತಲೆಯನ್ನು ಒಳ್ಳೆ ನೀರಿನಲ್ಲಿ ಪೂರ್ತಿ ನೆನೆಸಬೇಕು. ಒಣ ಕೂದಲಾದರೆ ಕ್ಲೋರಿನ್ ನೀರನ್ನು ಜಾಸ್ತಿ ಹೀರುತ್ತದೆ. ಆಮೇಲೆ ಒಂಚೂರು ಕೊಬ್ಬರಿ ಎಣ್ಣೆ, ಮೇಲೆ ಸಿಲಿಕಾನ್ ಕ್ಯಾಪ್. ಅಜ್ಜಿಗೆ ಎಣ್ಣೆ ಹಚ್ಚುವ ಕೆಲಸ ವಹಿಸಿಬಿಡಿ, ವಿರೋಧ ಅರ್ಧ ಕಮ್ಮಿಯಾಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಗಿದ್ದು.

ಇನ್ನೊಂದನ್ನು ಇನ್ನು ಎರಡು ಮೂರು ವರ್ಷಕ್ಕೆ ನೀವೇ ಕೇಳುತ್ತೀರಿ. ಪಿರಿಯಡ್ಸ್ ಶುರುವಾದ ಮೇಲೆ ಎಷ್ಟೋ ಹುಡುಗಿಯರು ಕ್ಲಬ್ ಬಿಡುತ್ತಾರೆ. ಕಾರಣ ನೀರಲ್ಲ, ಹೇಳಿಕೊಳ್ಳಲು ಯಾರೂ ಇಲ್ಲದಿರುವುದು. ಸೇರಿಸುವ ಮೊದಲು ಮಹಿಳಾ ಕೋಚ್ ಇದ್ದಾರಾ ನೋಡಿ. ಆ ದಿನ ನೆಲದ ವ್ಯಾಯಾಮ ಮಾತ್ರ ಮಾಡುತ್ತೇನೆ ಅಂದರೆ ಮುಖ ಗಂಟಿಕ್ಕದೆ ಒಪ್ಪುತ್ತಾರಾ ನೋಡಿ. ಹುಡುಗಿಯರ ಬಟ್ಟೆ ಬದಲಿಸುವ ಕೋಣೆಯ ಚಿಲಕವನ್ನು ನೀವೇ ಹಾಕಿ ನೋಡಿ. ನಾನು ತಮಾಷೆಗೆ ಹೇಳುತ್ತಿಲ್ಲ.

ಪದಕ ಬರಲಿಲ್ಲ ಅಂತ ನನಗೆ ಬೇಜಾರಿತ್ತು, ಇಲ್ಲ ಅನ್ನುವುದಿಲ್ಲ. ಈ ಊರಿನ ಕೊಳಗಳಲ್ಲಿ ಗೋಡೆ ತುಂಬ ಒಲಿಂಪಿಕ್ಸ್‌ಗೆ ಹೋದವರ ಫೋಟೋ ಇರುತ್ತವೆ. 2000ದಲ್ಲಿ ಸಿಡ್ನಿಗೆ ಹೋದ ನಿಶಾ ಮಿಲೆಟ್, ಟೋಕಿಯೊಗೆ ಹೋದ ಶ್ರೀಹರಿ ನಟರಾಜ್. 2024ರಲ್ಲಿ ಪ್ಯಾರಿಸ್‌ಗೆ ಹೋದಾಗ ಧಿನಿಧಿ ದೇಸಿಂಗುಗೆ 14 ವರ್ಷ. ನನಗಿಂತ ಎಷ್ಟೋ ಚಿಕ್ಕವಳು! ಆದರೆ ಒಂದು ಕ್ಲಬ್‌ನಲ್ಲಿ ಅಂಥವರು ಒಬ್ಬರೋ ಇಬ್ಬರೋ. ಉಳಿದವರು ನಾವು, ರಿಲೇಗೆ ನಾಲ್ಕನೆಯವರು ಬೇಕು ಅಂತ ಕರೆಸಿಕೊಳ್ಳುವವರು. ನಾನು ಉಳಿದಿದ್ದು ಆ ರಿಲೇಗಾಗಿ. ಮತ್ತೆ ಭಾನುವಾರದ ಬ್ಯಾಚ್‌ಗಾಗಿ.

ಭಾನುವಾರ ನಮ್ಮಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಪಾಠ ಇತ್ತು. ಒಬ್ಬ ಹುಡುಗನಿಗೆ ಒಂದು ಕೈ ಮೊಣಕೈ ತನಕ ಮಾತ್ರ. ಅವನು ನೇರ ಹೋಗದೆ ಲೇನ್ ಹಗ್ಗಕ್ಕೆ ಹೋಗಿ ಹೋಗಿ ತಗಲುತ್ತಿದ್ದ. ಕೋಚ್ ಅವನಿಗೆ ಶರತ್ ಗಾಯಕ್ವಾಡ್ ಈಜುವ ವಿಡಿಯೋ ತೋರಿಸಿದರು. ಅವರು ಬೆಂಗಳೂರಿನವರೇ, 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ 6 ಪದಕ ಗೆದ್ದವರು. ಹುಡುಗ ವಿಡಿಯೋ ನೋಡಿ ಮುಗಿಸಿ, "ಇವರೂ ಹಗ್ಗಕ್ಕೆ ತಗಲ್ತಾ ಇದ್ರಾ?" ಅಂತ ಕೇಳಿದ. ಯಾರಿಗೂ ಉತ್ತರ ಗೊತ್ತಿರಲಿಲ್ಲ. "ತಗಲೇ ತಗಲಿರ್ತಾರೆ" ಅಂದುಬಿಟ್ಟೆ.

ಅಂಕಲ್ ಹೇಳಿದ ಜನವರಿ ಲೆಕ್ಕ ಸರಿ. ಆದರೆ ಹತ್ತನೇ ಕ್ಲಾಸ್ ಲೆಕ್ಕವನ್ನೂ ಈಗಲೇ ಇಟ್ಟುಕೊಳ್ಳಿ. ಒಂಬತ್ತು ಮುಗಿದ ತಕ್ಷಣ ಟ್ಯೂಷನ್ ಅಂತ ಅರ್ಧ ಬ್ಯಾಚ್ ಮಾಯ. ನಮ್ಮಮ್ಮ ಪೂರ್ತಿ ಬಿಡಿಸದೆ ವಾರಕ್ಕೆ ಮೂರು ದಿನ ಕಳಿಸಿದರು. ನನಗೆ ಅದೇ ತಲೆ ಹಗುರ ಮಾಡಿಕೊಳ್ಳುವ ಜಾಗ ಆಯಿತು.

---

ಮತ್ತೊಂದು ಕಡೆ:

ಎಲ್ಲರೂ ಸಿಹಿಯೇ ಬಡಿಸುತ್ತಿದ್ದೀರಿ, ನಾನು ಸ್ವಲ್ಪ ಹಾಗಲಕಾಯಿ ಬಡಿಸುತ್ತೇನೆ.

ನನ್ನ ಮಗ ಇದ್ದ ಕ್ಲಬ್‌ನಲ್ಲಿ (ಹೆಸರು ಬೇಡ) ಮುಖ್ಯ ಕೋಚ್ ನೋಡುತ್ತಿದ್ದುದು ಮುಂದಿನ ಐದಾರು ಮಕ್ಕಳನ್ನು ಮಾತ್ರ. ಉಳಿದವರನ್ನು ಕೊನೆಯ ಎರಡು ಲೇನ್‌ಗೆ ತುಂಬಿ "ಇಪ್ಪತ್ತು ಲ್ಯಾಪ್ ಹೊಡೀರಿ" ಅಂತ ಹೇಳಿ ಹೋಗಿಬಿಡುತ್ತಿದ್ದರು. ತಪ್ಪು ಕಿಕ್ ತಿದ್ದಲು ಯಾರೂ ಇಲ್ಲ. ಮೀಟ್‌ಗೆ ಎಂಟ್ರಿ ಫೀಸ್, ಕಿಟ್‌ಗೆ ಬೇರೆ, ಅವರು ಹೇಳಿದ ಅಂಗಡಿಯಲ್ಲೇ ತೆಗೆದುಕೊಳ್ಳಬೇಕು. ಹನ್ನೊಂದು ವರ್ಷದ ಹುಡುಗನಿಗೆ ಸಾವಿರಾರು ರೂಪಾಯಿಯ ರೇಸಿಂಗ್ ಸೂಟ್ ಬೇಕಂತೆ! ಸಮಾಜ ಸೇವೆ ಅಂದರೆ ಕೆರೆ ದಡದಲ್ಲಿ ಬ್ಯಾನರ್ ಹಿಡಿದು ಫೋಟೋ, ಆಮೇಲೆ ಜ್ಯೂಸ್ ಕುಡಿದ ಪ್ಯಾಕೆಟ್ ಅಲ್ಲೇ.

ಆದ್ದರಿಂದ ನೋಟಿಸ್ ಬೋರ್ಡ್ ನಂಬಬೇಡಿ. ಒಂದು ದಿನ ಸುಮ್ನೆ ಹೋಗಿ ಕೂತು ನೋಡಿ. ಕೊನೆಯ ಲೇನ್ ಮಕ್ಕಳ ಹತ್ತಿರ ಯಾರಾದರೂ ಕೋಚ್ ನಿಂತಿದ್ದಾರಾ? ಲೈಫ್‌ಗಾರ್ಡ್ ಕಣ್ಣು ನೀರಿನ ಮೇಲಿದೆಯಾ, ಮೊಬೈಲ್ ಮೇಲಿದೆಯಾ?

---

ಸ್ಟಾಪ್‌ವಾಚ್ ಅಪ್ಪ:

ಇವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅಂಥ ಕ್ಲಬ್‌ಗಳಿವೆ. ಹತ್ತು ವರ್ಷದ ಮಗುವಿಗೆ ರೇಸಿಂಗ್ ಸೂಟ್ ಅಂದವರ ಹತ್ತಿರ ನಿಲ್ಲಲೇಬೇಡಿ. ಕೊನೆಯ ಲೇನ್ ನೋಡಿ ಅಂದಿದ್ದು ನನ್ನ ಜನವರಿ ಪರೀಕ್ಷೆಗಿಂತ ಬೇಗ ಫಲಿತಾಂಶ ಕೊಡುತ್ತದೆ, ಅದನ್ನು ಮೊದಲು ಮಾಡಿ.

---

ಪಾಂಡವಪುರ ತಾತ:

ನಾವು ಈಜು ಕಲಿತಿದ್ದು ಊರ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಸೋದರಮಾವ ಮೇಲಿನಿಂದ ತಳ್ಳಿದ, ಅದೇ ಕೋಚಿಂಗ್. ಫೀಸ್ ಇಲ್ಲ. ಈಗ ಮೊಮ್ಮಗಳಿಗೆ ಕಟ್ಟುವ ಫೀಸ್ ಕೇಳಿದರೆ ಬುರುಡೆಗೇ ತಲೆ ತಿರುಗುತ್ತದೆ.

ಆದರೆ ಒಂದು ಮಾತು. ನಮ್ಮ ಕಡೆ ನಾಲೆಯಲ್ಲಿ ಹೋದವರಲ್ಲಿ ಚೆನ್ನಾಗಿ ಈಜು ಬರುತ್ತಿದ್ದವರೂ ಇದ್ದಾರೆ. ನಾಲೆಯ ಸೆಳೆತ ಬೇರೆ, ಸಿಮೆಂಟ್ ದಡ ನೆಟ್ಟಗೆ ಇರುತ್ತದೆ, ಹಿಡಿಯಲು ಒಂದು ಬೇರೂ ಸಿಗುವುದಿಲ್ಲ. ನನ್ನ ಜೊತೆ ಬಾವಿಗೆ ಬೀಳುತ್ತಿದ್ದ ಗೆಳೆಯ ಹಾಗೇ ಹೋದ. ಈಜು ಬರುತ್ತದೆ ಅನ್ನುವ ಧೈರ್ಯವೇ ಅವನನ್ನು ಇಳಿಸಿದ್ದು. ಎಲ್ಲಿ ಇಳಿಯಬಾರದು ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಹಳ್ಳಿ ಶಾಲೆಗೆ ಹೋದ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸಿ. ನಮ್ಮ ಮಂಡ್ಯ ಕಡೆಗೂ ಬರಲಿ, ಊಟದ ಏರ್ಪಾಡು ನನ್ನದು. ಮುದ್ದೆ ತಿನ್ನುತ್ತಾರೆ ತಾನೇ?

---

ಬನಶಂಕರಿ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಾತ, ನಿಮ್ಮ ಗೆಳೆಯರ ವಿಷಯ ಓದಿ ಸಂಕಟ ಆಯಿತು.

ನಿನ್ನೆ ಸಂಜೆ ಹೋಗಿ ಗ್ಯಾಲರಿಯಲ್ಲಿ ಕೂತು ನೋಡಿದೆ. ಕೊನೆಯ ಲೇನ್ ಹತ್ತಿರ ಒಬ್ಬ ಹುಡುಗಿ ಕೋಚ್ ಮೊಣಕಾಲು ಊರಿ ಕೂತು, ಒಂದೊಂದು ಮಗುವಿನ ಕಾಲನ್ನೂ ಹಿಡಿದು ತಿದ್ದುತ್ತಿದ್ದರು. ಲೈಫ್‌ಗಾರ್ಡ್ ಬಿಸಿಲಿಗೆ ಟವೆಲ್ ಹೊದ್ದುಕೊಂಡು ನಿಂತಿದ್ದರು, ಆದರೆ ಕಣ್ಣು ನೀರಿನ ಮೇಲೇ ಇತ್ತು. ಚಿಲಕ ಕೂಡ ಹಾಕಿ ನೋಡಿದೆ ಪುಟ್ಟಾ, ಒಂದು ಸಡಿಲ ಇದೆ, ಆಫೀಸಿನಲ್ಲಿ ಹೇಳಿ ಬಂದಿದ್ದೇನೆ. ಅತ್ತೆ ಎಣ್ಣೆ ಹಚ್ಚಲು ಒಪ್ಪಿದ್ದಾರೆ. ಕಪ್ಪಗಾಗುವ ವಿಷಯ ಇನ್ನೂ ಮಾತುಕತೆಯಲ್ಲಿದೆ.

ಸೋಮವಾರದಿಂದ ಹೋಗುತ್ತಾಳೆ. ಈಗ ಏನೇನು ತೆಗೆದುಕೊಳ್ಳಬೇಕು? ಅಂಗಡಿಯಲ್ಲಿ ಬೆಲೆ ಕೇಳಿ ತಲೆ ಕೆಟ್ಟಿದೆ. ಸ್ಟಾಪ್‌ವಾಚ್ ಸರ್, ನಮ್ಮ ಯಜಮಾನರಿಗೆ ನಿಮ್ಮ ಉತ್ತರ ಓದಿಸಿದೆ. ಇಪ್ಪತ್ತನಾಲ್ಕು ಜನ ಬೇಕು ಅನ್ನುವ ಕಡೆ ಬಂದು ಫೋನ್ ವಾಪಸ್ ಕೊಟ್ಟರು.

---

ಸ್ಟಾಪ್‌ವಾಚ್ ಅಪ್ಪ:

ಎಲ್ಲರೂ ಆ ಸಾಲಿನ ಹತ್ತಿರವೇ ಫೋನ್ ವಾಪಸ್ ಕೊಡುವುದು. ಮೂರು ತಿಂಗಳಾದ ಮೇಲೆ ಅವರೇ ಬರುತ್ತಾರೆ.

ಗಾಗಲ್ಸ್ ಎರಡು ಜೊತೆ ತೆಗೆದುಕೊಳ್ಳಿ, ದುಬಾರಿಯದು ಬೇಡ, ಒಂದು ಕಳೆದೇ ಕಳೆಯುತ್ತದೆ. ಅಂಗಡಿಯಲ್ಲಿ ಪಟ್ಟಿ ಹಾಕದೆ ಕಣ್ಣಿಗೆ ಒತ್ತಿ ಬಿಡಿ. ಒಂದು ಕ್ಷಣ ಬೀಳದೆ ಅಂಟಿಕೊಂಡರೆ ಅಳತೆ ಸರಿ ಇದೆ ಅಂತ. ಸೂಟ್ ದೊಡ್ಡದಾಗಲಿ ಅಂತ ಒಂದು ಸೈಜ್ ಜಾಸ್ತಿ ತರಬೇಡಿ, ಒಳಗೆ ನೀರು ತುಂಬಿ ಎಳೆಯುತ್ತದೆ. ಕಿಕ್ ಬೋರ್ಡ್ ಕ್ಲಬ್‌ನಲ್ಲೇ ಇರುತ್ತದೆ, ಕೊಳ್ಳಬೇಡಿ. ಎಲ್ಲದರ ಮೇಲೂ ಹೆಸರು ಬರೆಯಿರಿ, ಚಪ್ಪಲಿ ಮೇಲೂ. ಜನ್ಮ ಪ್ರಮಾಣಪತ್ರದ ಜೆರಾಕ್ಸ್ ನಾಲ್ಕು ಮಾಡಿಸಿ ಇಟ್ಟುಕೊಳ್ಳಿ, ಈಜು ಸಂಸ್ಥೆಯ ನೋಂದಣಿಗೆ, ಮೀಟ್ ಎಂಟ್ರಿಗೆ ಕೇಳುತ್ತಾರೆ. ಈಜಿದ ಮೇಲೆ ಮಕ್ಕಳಿಗೆ ವಿಪರೀತ ಹಸಿವು. ಡಬ್ಬಿಯಲ್ಲಿ ಎರಡು ಇಡ್ಲಿ ಹಾಕುವ ಕಡೆ ನಾಲ್ಕು ಹಾಕಿ, ಪಕ್ಕದ ಮಗುವೂ ಕೈ ಹಾಕುತ್ತದೆ.

ತಾತ, ಮುದ್ದೆ ವಿಷಯ ಕೋಚ್‌ಗೆ ಹೇಳಿದೆ. ವ್ಯಾನ್ ಬಾಡಿಗೆ ಹೊಂದಿಸಿದರೆ ದಸರಾ ರಜೆಯಲ್ಲಿ ಬರುತ್ತೇವೆ ಅಂದರು. ನಾಲೆ ಪಕ್ಕದ ಶಾಲೆ ಯಾವುದು, ಹೆಡ್‌ಮಾಸ್ಟರ್ ಹತ್ತಿರ ನೀವೇ ಮಾತಾಡಿ ಇಡಿ. ಮಕ್ಕಳಿಗೆ ಉಪ್ಸಾರು ಖಾರ ಕಮ್ಮಿ ಇರಲಿ.